ಕೈ ಇಳಿಸುವ ವಿದ್ಯೆ

ಏರ್ ಪಿಸ್ತೂಲಿನ ಹುಚ್ಚು ಹತ್ತಿದವರ ಮನೆಯಲ್ಲಿ ಒಂದು ಗೋಡೆ ಬೋಳಾಗಿರುತ್ತದೆ. ಅದರ ಮೇಲೆ ಗಡಿಯಾರ ಇರುವುದಿಲ್ಲ, ಕ್ಯಾಲೆಂಡರ್ ಇರುವುದಿಲ್ಲ, ಮದುವೆಯ ಫೋಟೊ ಇದ್ದದ್ದೇ ಆದರೆ ಯಾವತ್ತೋ ಪಕ್ಕದ ಗೋಡೆಗೆ ವರ್ಗವಾಗಿರುತ್ತದೆ. ನಮ್ಮ ಮನೆಯಲ್ಲಿ ಆ ಗೋಡೆ ಇರುವುದು ಊಟದ ಮೇಜಿನ ಹಿಂದೆ. ಮೊದಲು ಅಲ್ಲಿ ಅತ್ತೆಯವರು ತಿರುಪತಿಯಿಂದ ತಂದ ವೆಂಕಟರಮಣನ ದೊಡ್ಡ ಪಟವಿತ್ತು. ನಾನು ಅತ್ತ ತಿರುಗಿ ಪಿಸ್ತೂಲು ಎತ್ತಿದ ಮೊದಲ ಸಂಜೆಯೇ, "ದೇವರ ಎದೆಗೆ ಗುರಿ ಇಡೋದನ್ನ ನಾನು ಕಣ್ಣಾರೆ ನೋಡಲಾರೆ" ಎಂದು ಅವರೇ ಪಟವನ್ನು ಇಳಿಸಿ ನಡುಮನೆಗೆ ಹಾಕಿಸಿದರು. ಮೊಳೆ ಉಳಿಯಿತು. ಮೊಳೆಯೂ ಕಣ್ಣು ಸೆಳೆಯುತ್ತದೆ ಎಂದು ಅದನ್ನು ಕಿತ್ತು, ತೂತಿಗೆ ಪುಟ್ಟಿ ಮೆತ್ತಿಸಿ, ಬಿಳಿ ಬಣ್ಣ ಬಳಿಸಿದೆ. ಅತ್ತೆಗೆ ಇನ್ನೊಂದು ಸಂಶಯ ಉಳಿದಿತ್ತು. "ಅಲ್ಲ ಕಣೇ, ಗುಂಡೇ ಹಾಕಿಲ್ಲವಲ್ಲ, ಏನನ್ನ ಹೊಡೀತಾ ಇದೀಯ?"

ಇದಕ್ಕೆ ಒಂದೇ ಮಾತಿನ ಉತ್ತರ ಇವತ್ತಿಗೂ ನನ್ನ ಹತ್ತಿರ ಇಲ್ಲ. ಹೀಗೆ ಗುಂಡಿಲ್ಲದೆ ಒತ್ತುವುದನ್ನು ಶೂಟಿಂಗಿನವರು 'ಡ್ರೈ' ಎನ್ನುತ್ತಾರೆ. "ಇವತ್ತು ಡ್ರೈ ಮಾಡಿದ್ರಾ ಮೇಡಂ?" ಎಂದು ಕೋಚ್ ಕೇಳುವುದು, ಮನೆಪಾಠದ ಮೇಷ್ಟ್ರು ಮಗ್ಗಿ ಬಾಯಿಪಾಠ ಆಯಿತೇ ಎಂದು ಕೇಳುವ ದನಿಯಲ್ಲೇ.

ನಾನು ಈ ದಾರಿಗೆ ಬಂದದ್ದು ಮಗಳ ಹಿಂದೆ. ಅವಳನ್ನು ರೇಂಜಿಗೆ ಬಿಟ್ಟು, ಗಾಜಿನ ಆಚೆ ಕೂತು ಸ್ವೆಟರ್ ಹೆಣೆಯುತ್ತಿದ್ದೆ. ಪಿಯುಸಿ ಬಂತು, ಅವಳು ಬಿಟ್ಟಳು. ವರ್ಷದ ಶುಲ್ಕ ಕಟ್ಟಿಯಾಗಿತ್ತು. ಅದು ದಂಡವಾಗಬಾರದಲ್ಲ ಎಂದು ನಾನು ಹೋಗಿ ಗುಂಡು ಬಿಡುವ ಗೆರೆಗೆ ನಿಂತೆ. ವಯಸ್ಸಿಗೆ ಈ ಆಟದಲ್ಲಿ ಕೊಂಚ ಮರ್ಯಾದೆಯಿದೆ ಎನ್ನುವುದು ಆಮೇಲೆ ಗೊತ್ತಾಯಿತು. ಟೋಕಿಯೊ ಒಲಿಂಪಿಕ್ಸಿನಲ್ಲಿ ಪುರುಷರ 10 ಮೀಟರ್ ಏರ್ ಪಿಸ್ತೂಲ್ ಚಿನ್ನ ಗೆದ್ದ ಇರಾನಿನ ಜವಾದ್ ಫರೂಘಿಗೆ ಆಗ 41 ವರ್ಷ. ಕಸುಬು, ಆಸ್ಪತ್ರೆಯಲ್ಲಿ ನರ್ಸ್. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಒಂದು ಕೈಯನ್ನು ಜೇಬಿಗೆ ತೂರಿಸಿ ನಿಂತು ಮಿಶ್ರ ತಂಡದ ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ಡಿಕೆಚ್‌ಗೆ 51. ಆ ಫೋಟೊ ನೋಡಿ ಜಗತ್ತೆಲ್ಲ 'ಏನು ಗತ್ತು!' ಎಂದು ಬೆರಗಾಯಿತು. ನಮ್ಮ ರೇಂಜಿನಲ್ಲಿ ಯಾರಿಗೂ ಬೆರಗಾಗಲಿಲ್ಲ. ಖಾಲಿ ಕೈಯನ್ನು ಎಲ್ಲಾದರೂ ಸಿಕ್ಕಿಸದಿದ್ದರೆ ಅದು ಜೋಲಾಡುತ್ತದೆ, ಅದು ಜೋಲಾಡಿದರೆ ಮೈ ತೂಗುತ್ತದೆ. ಹಾಗಾಗಿ ಎಲ್ಲರೂ ಜೇಬಿಗೋ ಬೆಲ್ಟಿಗೋ ಸಿಕ್ಕಿಸಿಯೇ ನಿಲ್ಲುವುದು.

ಒಂದು ಡ್ರೈ ಹೇಗೆ ನಡೆಯುತ್ತದೆಂದು ಹೇಳಿಬಿಡುತ್ತೇನೆ. ನನ್ನ ಪಿಸ್ತೂಲಿನಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆಯಿದೆ. ಈಗಿನ ಸ್ಪರ್ಧೆಯ ಏರ್ ಪಿಸ್ತೂಲುಗಳಲ್ಲೆಲ್ಲ ಸಾಮಾನ್ಯವಾಗಿ ಇರುತ್ತದೆ. ಸಿಲಿಂಡರಿನ ಗಾಳಿ ಹೊರಗೆ ಹೋಗುವುದಿಲ್ಲ, ಟ್ರಿಗರ್ ಮಾತ್ರ ನಿಜವಾದ ಗುಂಡಿಗೆ ಒತ್ತಿದಂತೆಯೇ ಒತ್ತುತ್ತದೆ. .22 ಪಿಸ್ತೂಲಿನವರಿಗೆ ಈ ಸುಖವಿಲ್ಲ. ತೋಟಾ ಇಲ್ಲದೆ ಒತ್ತಿದರೆ ಒಳಗಿನ ಪಿನ್ನು ಹೋಗಿ ಚೇಂಬರಿನ ಅಂಚಿಗೇ ಬಡಿದು ಹಾಳುಮಾಡುತ್ತದೆ. ಅವರು ಪ್ಲಾಸ್ಟಿಕ್ಕಿನ ಸುಳ್ಳು ತೋಟಾ ತುರುಕಿಕೊಳ್ಳಬೇಕು.

ಗೋಡೆಯ ಮುಂದೆ ಪಕ್ಕವಾಗಿ ನಿಲ್ಲುತ್ತೇನೆ. ಮರದ ಗ್ರಿಪ್ಪನ್ನು ಎಡಗೈಯಲ್ಲಿ ಹಿಡಿದು ಬಲ ಅಂಗೈಗೆ ಒತ್ತಿ ಕೂರಿಸುತ್ತೇನೆ. ಹೆಬ್ಬೆರಳ ಬುಡದ ಮಾಂಸ ಪ್ರತಿ ಸಲವೂ ಅದೇ ಜಾಗಕ್ಕೆ ಬರಬೇಕು, ಒಂದು ನೂಲು ಆಚೀಚೆ ಆಗಬಾರದು. ಉಸಿರೆಳೆಯುತ್ತ ಕೈ ಮೇಲೆತ್ತಿ, ಬಿಡುತ್ತ ಮೆಲ್ಲಗೆ ಕೆಳಗೆ ತಂದು ಕಣ್ಣಿನ ಮಟ್ಟಕ್ಕೆ ನಿಲ್ಲಿಸುತ್ತೇನೆ. ಇಳಿಯುವಾಗಲೇ ತೋರುಬೆರಳು ಟ್ರಿಗರಿನ ಮೊದಲ ಹಂತವನ್ನು ತೆಗೆದುಕೊಂಡಿರುತ್ತದೆ. ನಿಯಮದ ಪ್ರಕಾರ ಟ್ರಿಗರಿನ ತೂಕ 500 ಗ್ರಾಂಗಿಂತ ಕಡಿಮೆ ಇರುವಂತಿಲ್ಲ. ಸ್ಪರ್ಧೆಗೆ ಮುಂಚೆ ಅದಕ್ಕೆ ತೂಕದ ಬಟ್ಟು ನೇತುಹಾಕಿ ಪರೀಕ್ಷಿಸುತ್ತಾರೆ. ಅದರಲ್ಲಿ ಬಹುಪಾಲು ಭಾರ ಮೊದಲ ಹಂತದಲ್ಲೇ ಮುಗಿದಿರುತ್ತದೆ. ಉಳಿದ ಅಷ್ಟಿಷ್ಟು ಭಾರ ಬೆರಳತುದಿಯಲ್ಲಿ ಕಾಯುತ್ತಿರುತ್ತದೆ. ಎದುರಿಗೆ ಬಿಳಿ ಗೋಡೆ. ಅದರ ಮೇಲೆ ರಿಯರ್ ಸೈಟಿನ ಕಚ್ಚು, ಕಚ್ಚಿನ ನಡುವೆ ಫ್ರಂಟ್ ಸೈಟಿನ ಕರಿ ಕಂಬ. ಕಂಬದ ಎರಡೂ ಪಕ್ಕಕ್ಕೆ ಬೆಳಕಿನ ಎರಡು ಸಣ್ಣ ಸೀಳು. ಎರಡೂ ಸಮ ಇರಬೇಕು, ಮೇಲ್ಗಡೆ ಮೂರೂ ಒಂದೇ ಮಟ್ಟ ಇರಬೇಕು. ಇಷ್ಟನ್ನು ನೋಡುತ್ತ ನೋಡುತ್ತ, ಬೆರಳು ತನ್ನ ಪಾಡಿಗೆ ಭಾರ ಹೆಚ್ಚಿಸುತ್ತ ಹೋಗಬೇಕು. 'ಟಿಕ್' ಎನ್ನುತ್ತದೆ.

ಡ್ರೈಯ ಫಲವೆಲ್ಲ ಇರುವುದು ಆ ಟಿಕ್ಕಿನ ಆಚೆಯ ಅರೆಗಳಿಗೆಯಲ್ಲಿ. ಕಂಬ ಅಲುಗಿತೋ ಇಲ್ಲವೋ? ಎಡಕ್ಕೆ ಸರಿದರೆ ಬೆರಳು ಓರೆಯಾಗಿ ಎಳೆದಿದೆ. ತಲೆ ತಗ್ಗಿಸಿದರೆ ಮಣಿಕಟ್ಟು ಕೈಬಿಟ್ಟಿದೆ. ನಿಜವಾದ ಪೆಲೆಟ್ ಹೋಗುವಾಗ ಇದಾವುದೂ ಸ್ಪಷ್ಟವಾಗಿ ಕಾಣುವುದಿಲ್ಲ. ಆಗಲೇ ಕಣ್ಣು ಪಕ್ಕದ ಮಾನಿಟರಿಗೆ ಓಡಿರುತ್ತದೆ, ಎಷ್ಟು ಬಂತು ನೋಡಲು.

ಕಂಬ ಕೂದಲಷ್ಟು ಅಲುಗಿದರೆ ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ. ಮುಂದಿನ ಸೈಟಿಗೂ ಹಿಂದಿನದಕ್ಕೂ ಸುಮಾರು 32 ಸೆಂಟಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ಅಲ್ಲಿ ಒಂದೇ ಒಂದು ಮಿಲಿಮೀಟರ್ ತಪ್ಪಿದರೆ, 10 ಮೀಟರ್ ದೂರದಲ್ಲಿ ಅದು ಮೂರು ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ. ಹತ್ತರ ವೃತ್ತದ ಅಡ್ಡಳತೆ ಬರೀ 11.5 ಮಿಲಿಮೀಟರ್. ಹಾಗಾಗಿ ಹತ್ತು ಬರಬೇಕಾದಲ್ಲಿ ಏಳು ಬರುತ್ತದೆ. ಅದೇ, ಸೈಟುಗಳು ಸರಿಯಾಗಿದ್ದು ಇಡೀ ಕೈ ಮೂರು ಮಿಲಿಮೀಟರ್ ಪಕ್ಕಕ್ಕೆ ತೇಲಿದರೆ, ಗುರಿಯಲ್ಲೂ ತಪ್ಪುವುದು ಮೂರೇ ಮಿಲಿಮೀಟರ್. ಹತ್ತು ಹತ್ತಾಗಿಯೇ ಇರುತ್ತದೆ. ಕೈ ನಡುಗುತ್ತದೆ ಎಂದು ಹೆದರುವವರು ಹೆದರಬೇಕಾದದ್ದು ಕೈಗಲ್ಲ. ಎಲ್ಲರ ಕೈಯೂ ನಡುಗುತ್ತದೆ. ಗೋಡೆ ಬೋಳಾಗಿರಬೇಕು ಎನ್ನುವುದೂ ಇದಕ್ಕೇ. ಕರಿ ಬೊಟ್ಟೊಂದು ಎದುರಿಗಿದ್ದರೆ ಕಣ್ಣು ಅದನ್ನೇ ನೋಡುತ್ತದೆ, ಕಂಬ ಮಸುಕಾಗುತ್ತದೆ. ಕಣ್ಣಿಗೆ ಒಂದು ಹೊತ್ತಿಗೆ ಒಂದೇ ದೂರ. ನಲವತ್ತು ದಾಟಿದ ನನ್ನಂಥವರಿಗಂತೂ ತೋಳಳತೆಯ ಕಂಬ ತಾನಾಗಿ ಮಸುಕೇ. ಅದಕ್ಕೆಂದು ಬೇರೆ ಲೆನ್ಸ್ ಹಾಕಿಸಿಕೊಂಡಿದ್ದೇನೆ. ಆ ಕನ್ನಡಕದಲ್ಲಿ ಫ್ರಂಟ್ ಸೈಟ್ ಬಿಟ್ಟು ಲೋಕದಲ್ಲಿ ಬೇರೇನೂ ಕಾಣದು. ಅದನ್ನು ಹಾಕಿಕೊಂಡಿರುವಾಗ ಮನೆಯವರು ತಂದು ತೋರಿಸಿದ ಕರೆಂಟ್ ಬಿಲ್ ಕೂಡ ಹಿತವಾಗಿಯೇ ಕಂಡಿತ್ತು.

ಒಂದು ದಿನ ಕೋಚ್ ಒಂದು ತಮಾಷೆ ಮಾಡಿದರು. ತಮಾಷೆಯೇನಲ್ಲ, ಹಳೆಯ ಪಾಠವೇ. ಪಿಸ್ತೂಲನ್ನು ಅವರೇ ಲೋಡ್ ಮಾಡಿ ಕೊಡುತ್ತಾರೆ. ಕೆಲವು ಸಲ ಪೆಲೆಟ್ ಹಾಕಿರುತ್ತಾರೆ, ಕೆಲವು ಸಲ ಡ್ರೈಗೆ ಇಟ್ಟಿರುತ್ತಾರೆ. ಯಾವುದು ಯಾವಾಗ ಎಂದು ನಮಗೆ ಗೊತ್ತಿಲ್ಲ. ಆಗ ನೋಡಬೇಕು ಹುಡುಗರ ಕೈಗಳನ್ನು. ಏರ್ ಪಿಸ್ತೂಲಿಗೆ ಹಿಂದೊದೆ ಎನ್ನುವುದು ಹೆಸರಿಗಷ್ಟೇ. ಆದರೂ ಒಳಗೆ ಪೆಲೆಟ್ ಇದೆ ಎಂದುಕೊಂಡು ಒತ್ತಿದ ಕೂಡಲೇ, ಇಲ್ಲದ ಒದೆತಕ್ಕೆ ಮುಂದಾಗಿಯೇ ಮಣಿಕಟ್ಟು ಬಗ್ಗುತ್ತದೆ, ನಳಿಕೆ ಮೂತಿ ತಗ್ಗಿಸುತ್ತದೆ. ಬರೀ ಟಿಕ್ ಎಂದಾಗ ಹುಡುಗರ ಮುಖ ಕೆಂಪಾಗುತ್ತದೆ. ಡ್ರೈ ಇರುವುದು ಕೈಗೆ ಈ ಎರಡರ ನಡುವಿನ ಭೇದ ಮರೆಸಲಿಕ್ಕೆ. ಪೆಲೆಟ್ ಇದ್ದಾಗಲೂ ಇಲ್ಲದಾಗಲೂ ಬೆರಳು ಒಂದೇ ಥರ ನಡೆದುಕೊಂಡರೆ ಅರ್ಧ ಆಟ ಕೈಗೆ ಬಂದಂತೆ.

ಇಷ್ಟು ಯಾವ ಪುಸ್ತಕ ತೆರೆದರೂ ಸಿಗುತ್ತದೆ. ಆದರೆ ಗೋಡೆಯ ಮುಂದೆ ನಿಂತು ನಿಂತು ನನಗೆ ಬಂದಿರುವ ತಿಳಿವಳಿಕೆ ಬೇರೆಯದು: ಡ್ರೈಯಲ್ಲಿ ಕಲಿಯಬೇಕಾದ್ದು ಒತ್ತುವುದಕ್ಕಿಂತ ಒತ್ತದಿರುವುದನ್ನು.

ಕೈ ಎತ್ತಿದ ಮೇಲೆ ಐದಾರು ಸೆಕೆಂಡಿನಲ್ಲಿ ಕಂಬ ತಕ್ಕಮಟ್ಟಿಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಕೆಲವೇ ಸೆಕೆಂಡು ಒಳ್ಳೆಯ ಕಾಲ. ಅದು ದಾಟಿತೋ, ಹಿಡಿದ ಉಸಿರು ಕಾಡುತ್ತದೆ, ಭುಜ ಭಾರವಾಗುತ್ತದೆ, ಕಣ್ಣು ಇಲ್ಲದ್ದನ್ನು ಇದೆಯೆನ್ನುತ್ತದೆ. ಆಗ ಕೈ ಇಳಿಸಬೇಕು. ಇಳಿಸಿ, ಉಸಿರಾಡಿ, ಮತ್ತೆ ಮೊದಲಿಂದ ಎತ್ತಬೇಕು. ಸ್ಪರ್ಧೆಯಲ್ಲಿ ಇದಕ್ಕೆ ಧಾರಾಳ ಅವಕಾಶವಿದೆ: 60 ಗುಂಡಿಗೆ 75 ನಿಮಿಷ. ಫೈನಲ್‌ನಲ್ಲಿ ಒಂಟಿ ಗುಂಡಿಗೆ 50 ಸೆಕೆಂಡ್. ಒಮ್ಮೆ ಇಳಿಸಿ ಮತ್ತೆ ಎತ್ತಲು ಅಷ್ಟು ಸಾಕು. ಆದರೂ ಜನ ಇಳಿಸುವುದಿಲ್ಲ. ಎತ್ತಿದ ಕೈ ಬರಿದೇ ಇಳಿಸುವುದೆಂದರೆ ಹಿಂದೆ ಕೂತವರ ಎದುರು ಸೋತಂತೆ ಎಂದು ಮನಸ್ಸಿಗೆ ಅನಿಸುತ್ತದೆ. 'ಇದೊಂದು ಹೋಗಿಬಿಡಲಿ' ಎಂದು ಒತ್ತಿಬಿಡುತ್ತಾರೆ. ಅದು ಏಳಕ್ಕೆ ಹೋಗುತ್ತದೆ.

ಸ್ಪರ್ಧೆಯಲ್ಲಿ ಇಳಿಸದ ಕೈ ಎಲ್ಲಿ ಪಳಗಿದ್ದು? ಮನೆಯ ಗೋಡೆಯ ಮುಂದೆಯೇ. ಅಲ್ಲಿ ಗುಂಡಿಲ್ಲ, ಗುರಿಯಿಲ್ಲ, ಅಂಕವಿಲ್ಲ. ಕೆಟ್ಟದಾಗಿ ಒತ್ತಿದರೂ ನಷ್ಟವೇನೂ ಇಲ್ಲ. ಪುಕ್ಕಟೆಯಾದದ್ದನ್ನು ಯಾರು ಇಳಿಸುತ್ತಾರೆ? ಹೀಗೆ ದಿನಾ ಸಂಜೆ ಕೆಟ್ಟ ಹಿಡಿತವನ್ನೂ ಟಿಕ್ ಎನಿಸುತ್ತ ಹೋದವರು ಅದನ್ನೇ ಅಭ್ಯಾಸ ಮಾಡಿಕೊಂಡಿರುತ್ತಾರೆ. 'ದಿನಾ ಇಷ್ಟು ಸಾವಿರ ಡ್ರೈ ಮಾಡ್ತೀನಿ' ಎಂದು ಹೇಳಿಕೊಳ್ಳುವ ಹುಡುಗರನ್ನು ಕಂಡರೆ ನನಗೆ ನಮ್ಮ ಅತ್ತೆಯ ರಾಮಕೋಟಿ ನೆನಪಾಗುತ್ತದೆ. ಅವರು ಸಣ್ಣ ಚೌಕದ ಪುಸ್ತಕದಲ್ಲಿ ಶ್ರೀರಾಮ ಶ್ರೀರಾಮ ಎಂದು ಬರೆಯುತ್ತ ಬಂದವರು. ಒಂದು ಮಧ್ಯಾಹ್ನ ನಾನು ಗೋಡೆಯ ಕಡೆ, ಅವರು ಮೇಜಿನ ಈ ಕಡೆ, ಇಬ್ಬರೂ ನಮ್ಮ ನಮ್ಮ ಕೆಲಸದಲ್ಲಿದ್ದೆವು. ಇದ್ದಕ್ಕಿದ್ದಂತೆ ಪೆನ್ನು ಕೆಳಗಿಟ್ಟು, "ಈ ಪುಟ ಪೂರ್ತಿ ಕೈ ಬರೀತು ಕಣೇ, ನಾನು ಸಾರಿಗೆ ಹುಳಿ ಜಾಸ್ತಿ ಆಯ್ತಾ ಅಂತ ಯೋಚಿಸ್ತಿದ್ದೆ. ಇದು ಲೆಕ್ಕಕ್ಕೆ ಬರಲ್ಲ" ಎಂದು ಪುಟದ ಮೇಲೆ ಅಡ್ಡಗೆರೆ ಎಳೆದರು. ನನ್ನ ಕೋಚ್ ಇಷ್ಟು ದಿನ ಹೇಳಿದ್ದೆಲ್ಲ ಆ ಅಡ್ಡಗೆರೆಯಲ್ಲಿತ್ತು. ಆಮೇಲಿಂದ ನಾನು ಸಂಖ್ಯೆ ಇಡುವುದನ್ನು ಬಿಟ್ಟೆ. ಅತ್ತೆ ಮಾತ್ರ ಬಿಟ್ಟಿಲ್ಲ. ಅವರದು ಕೋಟಿಯೇ ಆಗಬೇಕು, ರಾಮನೊಂದಿಗೆ ಅವರದು ಬೇರೆಯೇ ಒಪ್ಪಂದ.

2020ರ ಲಾಕ್‌ಡೌನಿನಲ್ಲಿ ರೇಂಜುಗಳಿಗೆಲ್ಲ ಬೀಗ ಬಿತ್ತು. ಸಿಲಿಂಡರಿಗೆ ಗಾಳಿ ತುಂಬಿಸಲೂ ಜಾಗವಿಲ್ಲ. ಆಗ ದೇಶದ ದೊಡ್ಡ ದೊಡ್ಡ ಶೂಟರುಗಳಿಗೂ ಉಳಿದದ್ದು ಗೋಡೆಯೇ. ನನ್ನಂಥ ಭಾನುವಾರದ ಶೂಟರಿಗೂ ರಾಷ್ಟ್ರೀಯ ತಂಡದವರಿಗೂ ಅಷ್ಟು ಕಾಲ ಒಂದೇ ಅಭ್ಯಾಸ ನಡೆಯಿತು ಎನ್ನುವುದು ನನ್ನ ಗುಟ್ಟಿನ ಹೆಮ್ಮೆ.

ನಮ್ಮ ಊರಿನಲ್ಲಿ ಈ ಆಟಕ್ಕೆ ಒಳ್ಳೆಯ ಹೆಸರುಗಳಿವೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದವರು, ಕೆಲಸ ಬಿಟ್ಟು ಬಂದು ಪಿಸ್ತೂಲು ಹಿಡಿದವರು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಕಂಚು ಗೆದ್ದರು. ಅದೇ ವರ್ಷ ಬೆಲ್ಸ್ ಪಾಲ್ಸಿ ಬಂದು ಅವರ ಮುಖದ ಒಂದು ಬದಿ ಸೋತುಹೋಯಿತು. ರೆಪ್ಪೆಯ ಮೇಲೆ ಹಿಡಿತವಿಲ್ಲದೆ ಪಿಸ್ತೂಲ್ ಶೂಟಿಂಗ್ ಹೇಗೆ ಎಂದು ಯೋಚಿಸಿದರೇ ನನಗೆ ಎದೆ ಝಲ್ಲೆನ್ನುತ್ತದೆ. ಮರುವರ್ಷ ಅವರು ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ತಂದರು, ಆಮೇಲೆ ರಿಯೊ ಒಲಿಂಪಿಕ್ಸಿಗೂ ಹೋದರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. ಅವರು ಸರಬ್‌ಜೋತ್ ಸಿಂಗ್ ಜೊತೆಗೂಡಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಿಶ್ರ ತಂಡದ ಬೆಳ್ಳಿ ಗೆದ್ದರು. ಇವರೆಲ್ಲ ಎಷ್ಟು ಹೊತ್ತು ಗೋಡೆ ನೋಡಿರಬೇಕು ಎನ್ನುವುದನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಬರೆಯಲು ಅದರಲ್ಲಿ ಏನಿದೆ, ಬಿಡಿ.

ಮನು ಭಾಕರ್ ಅವರದು ಎಲ್ಲರಿಗೂ ಗೊತ್ತಿರುವ ಕತೆ. ಟೋಕಿಯೊದಲ್ಲಿ ಸ್ಪರ್ಧೆಯ ನಡುವೆ ಪಿಸ್ತೂಲು ಕೆಟ್ಟಿತು, ದುರಸ್ತಿಯಲ್ಲಿ ಹೊತ್ತು ಹೋಯಿತು, 575 ಅಂಕಕ್ಕೆ ಫೈನಲ್ ತಪ್ಪಿತು. ಮೂರು ವರ್ಷದ ಬಳಿಕ, 2024ರ ಜುಲೈ 28ರಂದು ಪ್ಯಾರಿಸ್ಸಿನಲ್ಲಿ ಅದೇ ವಿಭಾಗದಲ್ಲಿ ಕಂಚು ಬಂತು. ಮುಂದಿನ ಸುತ್ತಿಗೆ ಹೋಗಲು ಅವರಿಗೆ ಕಡಿಮೆಯಾದದ್ದು 0.1 ಅಂಕ. ಗುರಿಯ ಕಾಗದದ ಮೇಲೆ 0.1 ಎಂದರೆ 0.8 ಮಿಲಿಮೀಟರ್. ಆ ಫೈನಲ್ ಅಂತಲ್ಲ, ಯಾವ ಫೈನಲಿನ ವಿಡಿಯೊ ಸಿಕ್ಕರೂ ನಾನು ಅಂಕಪಟ್ಟಿ ಬಿಟ್ಟು ಕೈಗಳನ್ನು ನೋಡುತ್ತೇನೆ. ಎತ್ತಿದ್ದನ್ನು ಯಾರು ಇಳಿಸಿದರು, ಗಡಿಯಾರ ಓಡುತ್ತಿರುವಾಗ ಇಳಿಸುವ ಧೈರ್ಯ ಯಾರಿಗೆ ಬಂತು ಎಂದು.

ಇನ್ನು ಅಕ್ಕಪಕ್ಕದವರ ವಿಷಯ. ಎದುರು ಬ್ಲಾಕಿನ ಹಿರಿಯರೊಬ್ಬರು ಸಂಜೆ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ, ನಮ್ಮ ಕಿಟಕಿಯಲ್ಲಿ ಹೆಂಗಸೊಬ್ಬಳು ಪಿಸ್ತೂಲು ಚಾಚಿ ನಿಂತದ್ದು ಕಂಡಿದೆ. ಗನ್ನಿನ ಆಚೆ ತುದಿಯಲ್ಲಿ ಯಾರಿದ್ದಾರೆಂದು ಕಂಡಿಲ್ಲ. ಆ ಹೊತ್ತಿಗೆ ನಮ್ಮ ಯಜಮಾನರೂ ಬಂದಿರಲಿಲ್ಲವಾಗಿ, ಅವರ ಊಹೆ ಎಲ್ಲೆಲ್ಲೋ ಹೋಗಿದೆ. ವಾಚ್‌ಮನ್ ಬೆಲ್ ಒತ್ತಿ, "ಅಮ್ಮಾ, ಸಾರ್ ಆರಾಮಾಗಿದಾರಾ?" ಎಂದ. ಅವತ್ತೇ ದಪ್ಪ ಪರದೆ ತಂದೆ. ಏರ್ ಪಿಸ್ತೂಲಿಗೆ ಬಂದೂಕಿನಂತೆ ಪರವಾನಗಿ ಬೇಕಿಲ್ಲ ಎನ್ನುವುದು ನಿಜ, ಆದರೆ ಅದು ಕಾಫಿ ಕುಡಿಯುವವರಿಗೆ ಗೊತ್ತಿರಬೇಕೆಂದೇನೂ ಇಲ್ಲ. ಪರವಾನಗಿ ಬೇಕಿಲ್ಲವೆಂದು ಅದು ಆಟಿಕೆಯಾಗುವುದೂ ಇಲ್ಲ. ನಮ್ಮ ಮನೆಯಲ್ಲಿ ಪೆಲೆಟ್ ಡಬ್ಬಿ ಮಲಗುವ ಕೋಣೆಯ ಬೀರುವಿನಲ್ಲಿ, ಬೀಗದ ಒಳಗೆ. ಪಿಸ್ತೂಲು ಪೆಟ್ಟಿಗೆಯಿಂದ ಹೊರಬಂದಾಗ ಡಬ್ಬಿ ಆ ಕೋಣೆಯಲ್ಲಿ ಇರಕೂಡದು. ಗೋಡೆಯ ಆಚೆ ಏನಿದೆ ಎಂದು ಗೊತ್ತಿರಬೇಕು. ನಮ್ಮದರ ಆಚೆ ಹೊರಗಿನ ಕಲ್ಲುಗೋಡೆ. ಡ್ರೈ ಮುಗಿದ ಮೇಲೆ 'ಒಂದೇ ಒಂದು' ಎಂದು ಮತ್ತೆ ಎತ್ತಕೂಡದು. ಈ ಆಟದ ಮನೆಯ ಅಪಘಾತಗಳೆಲ್ಲ ಆ 'ಒಂದೇ ಒಂದ'ರ ಸುತ್ತಲೇ ಹೊಂಚುತ್ತಿರುತ್ತವೆ. ರೇಂಜಿನಲ್ಲಂತೂ ಗೆರೆಯ ಮೇಲೆ ಅಲ್ಲದೆ, ಅಪ್ಪಣೆಯಿಲ್ಲದೆ ಡ್ರೈ ಮಾಡುವಂತಿಲ್ಲ. ಮಿಕ್ಕ ಹೊತ್ತೆಲ್ಲ ನಳಿಕೆಯೊಳಗೆ ಉದ್ದದ ಬಣ್ಣದ ದಾರ ಇಳಿಬಿದ್ದಿರಬೇಕು, ಒಳಗೆ ಏನೂ ಇಲ್ಲ ಎಂದು ದೂರದಿಂದಲೇ ಕಾಣುವಂತೆ. ಆಯುಧಪೂಜೆಯ ದಿನ ಅತ್ತೆ ಆ ದಾರ ನೋಡಿ, "ಪರವಾಗಿಲ್ಲ, ನೀನೇ ಕಟ್ಟಿದೀಯ" ಎಂದು ಮೆಚ್ಚಿಕೊಂಡು ಗ್ರಿಪ್ಪಿಗೆ ಕುಂಕುಮ ಇಟ್ಟರು. ಫ್ರಂಟ್ ಸೈಟಿಗೂ ಒಂದು ಬೊಟ್ಟು ಇಡಲು ಬಂದಾಗ ಕೈ ಮುಗಿದು ತಡೆದೆ.

ನಮ್ಮ ರೇಂಜಿಗೆ ವಿರಾಜಪೇಟೆಯ ಕಡೆಯ ಹುಡುಗನೊಬ್ಬ ಬರುತ್ತಾನೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ ಪೂಜೆ ಮಾಡಿ, ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿ ಬೆಳೆದವನು. ಅವನಿಗೆ ಡ್ರೈ ಎಂದರೆ ಅಲರ್ಜಿ. "ಕಾಯಿ ಬೀಳದಿದ್ದರೆ ಹೊಡೆದೂ ಏನು ಫಲ ಆಂಟಿ?" ಎನ್ನುತ್ತಾನೆ. ಅವನ ವಾದದಲ್ಲಿ ತಪ್ಪಿಲ್ಲ. ಅಂಕ ಮಾತ್ರ ಏರುತ್ತಿಲ್ಲ.

ಫಲ ಬೇಕೆನ್ನುವವರಿಗೆ ಈಗ ಯಂತ್ರವೂ ಇದೆ. ನಳಿಕೆಯ ಕೆಳಗೆ ಸಣ್ಣ ಸೆನ್ಸರ್ ಕಚ್ಚಿಸಿದರೆ, ಗುಂಡಿಲ್ಲದೆಯೇ ಕೈ ಎಲ್ಲೆಲ್ಲಿ ಓಡಾಡಿತು, ಟಿಕ್ ಎಂದಾಗ ಎಲ್ಲಿತ್ತು ಎಂದು ಲ್ಯಾಪ್‌ಟಾಪಿನ ಮೇಲೆ ಗೆರೆ ಎಳೆದು, ಜೊತೆಗೆ ಅಂಕವನ್ನೂ ಕೊಡುತ್ತದೆ. ಕೋಚುಗಳಿಗೆ ಅದು ಬಹಳ ಉಪಯೋಗಿ. ಆದರೆ ಒಬ್ಬರೇ ಮನೆಯಲ್ಲಿ ದಿನಾ ಅದರ ಮುಂದೆ ನಿಲ್ಲುವುದು ನನಗೆ ಒಗ್ಗದು. ಅಂಕ ಬಂದ ಕೂಡಲೇ ಕಣ್ಣು ಕಂಬ ಬಿಟ್ಟು ಪರದೆಗೆ ಓಡುತ್ತದೆ. ಅಂಕದಿಂದ ತಪ್ಪಿಸಿಕೊಳ್ಳಲು ಗೋಡೆಗೆ ಬಂದವರು, ಗೋಡೆಯ ಮೇಲೂ ಅಂಕ ಬರೆಸಿಕೊಂಡಂತಾಯಿತು.

ಅಂಕದ ಕಾಟ ಹೆಚ್ಚು ಮಕ್ಕಳಿಗೆ. ಭಾನುವಾರ ರೇಂಜಿನ ಗಾಜಿನ ಹಿಂದೆ ಅಪ್ಪ ಅಮ್ಮಂದಿರು ಸಾಲಾಗಿ ಕೂತಿರುತ್ತಾರೆ. ನಾನೂ ಅಲ್ಲಿ ಕೂತು ಬಂದವಳೇ, ಆ ಬೆಂಚಿನ ಸೊಬಗು ನನಗೆ ಗೊತ್ತು. ಮಗು ಒಂದು ಗುಂಡು ಬಿಟ್ಟರೆ ಹತ್ತು ತಲೆ ಮಾನಿಟರಿನ ಕಡೆ ವಾಲುತ್ತವೆ. ಎಂಟು ಬಂದರೆ ಗಾಜಿನೊಳಗಿಂದಲೂ ಕೇಳುವಂತೆ 'ಚ್ಚು' ಎನ್ನುತ್ತಾರೆ. ಮಗು ಕೈ ಎತ್ತಿ, ಸರಿಯಿಲ್ಲವೆಂದು ಇಳಿಸಿದರೆ, "ಯಾಕೆ ಸುಮ್ಮನೆ ನಿಂತ? ಟೈಮ್ ಹೋಗ್ತಿದೆಯಲ್ಲ" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಸಂಜೆ ಕಾರಿನಲ್ಲಿ ಮೊದಲ ಪ್ರಶ್ನೆ, "ಎಷ್ಟು ಬಂತು?"

ದಯವಿಟ್ಟು ಅದನ್ನು ಕೇಳಬೇಡಿ. ಅಂಕ ಅವರಿಗೆ ಗೊತ್ತಿರುತ್ತದೆ, ನಿಮಗೂ ಗಾಜಿನಾಚೆಯಿಂದ ಕಂಡಿರುತ್ತದೆ. ಏನಾದರೂ ಕೇಳಲೇಬೇಕು ಎನಿಸಿದರೆ, ಇವತ್ತು ಎಷ್ಟು ಸಲ ಕೈ ಇಳಿಸಿದೆ ಎಂದು ಕೇಳಿ. ಮಗು ಒಂದು ಸಂಖ್ಯೆ ಹೇಳಿದರೆ, ಕೋಚಿಗೆ ಕೊಡುತ್ತಿರುವ ಶುಲ್ಕ ದಂಡವಾಗಿಲ್ಲ ಎಂದು ತಿಳಿಯಿರಿ.